ತೂಕ ಇಳಿಸೋ ಸರ್ಜರಿ ಆದ್ಮೇಲೆ ಪ್ರೋಟೀನ್ ಸಾಲಬೇಕಂದ್ರೆ: ತಿಳಿ ಬಿಡಿ, ಕಾಳು ತಿನ್ನಿ

ಹೊಟ್ಟೆ ಕತ್ತರಿಸಿ ಸಣ್ಣ ಮಾಡೋ ಸ್ಲೀವ್ ಸರ್ಜರಿ ಆಗಿ ಮೂರನೇ ತಿಂಗಳು. ತಲೆ ಬಾಚಿದ್ರೆ ಬಾಚಣಿಗೆ ಹಲ್ಲಿನ ಸಂದೀಲೆಲ್ಲ ಕೂದಲು, ಬಚ್ಚಲ ಜಾಲರಿ ಮೇಲೆ ಒಂದು ಉಂಡೆ, ಒಂದು ಮಹಡಿ ಹತ್ತಿದ್ರೆ ತೊಡೆ ನಡುಗೋದು. ತೂಕ ಮಾತ್ರ ಸರಸರ ಇಳೀತಿತ್ತು, ಮನೇಲಿ ಎಲ್ರೂ ಖುಷಿಯಾಗಿದ್ರು. ಚೆಕಪ್ಪಿಗೆ ಹೋದಾಗ ಡಯಟಿಷಿಯನ್ ಮೇಡಂ "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ತಗೊಂಡ್ರಿ, ಒಂದೊಂದೇ ಹೇಳಿ" ಅಂದ್ರು. ರಾಗಿ ಗಂಜಿ ಒಂದು ಲೋಟ, ಎಳನೀರು, ಮಧ್ಯಾಹ್ನ ಬೇಳೆ ಕಟ್ಟಿನ ಸಾರಲ್ಲಿ ಮೆತ್ತಗೆ ಕಲಸಿದ ನಾಲ್ಕು ಚಮಚ ಅನ್ನ, ಸಂಜೆ ಒಂದು ಲೋಟ ಹಾಲು, ರಾತ್ರಿ ಒಂದು ಇಡ್ಲಿ, ಮಲಗೋ ಮುಂಚೆ ಮಜ್ಜಿಗೆ. ಹಿತವಾದ ಊಟ ಅಂದ್ಕೊಂಡೇ ಹೇಳಿದೆ. ಅವರು ನನ್ನ ಫೈಲಿನ ಹಿಂದೆ ಪೆನ್ನಲ್ಲಿ ಒಂದೊಂದರ ಮುಂದೆ ಒಂದೊಂದು ಅಂಕಿ ಬರೆದು ಕೂಡಿಸಿ ನನ್ನ ಕಡೆ ತಿರುಗಿಸಿದ್ರು. ಇಡೀ ದಿನಕ್ಕೆ ಪ್ರೋಟೀನು 15 ಗ್ರಾಂ. ಬೇಕಾಗಿದ್ದಿದ್ದು ಕಡಿಮೆ ಅಂದ್ರೂ 60.

ಆವತ್ತು ಗೊತ್ತಾಯ್ತು ನೋಡಿ, ತಪ್ಪು ಹೊಟ್ಟೇದಲ್ಲ, ನಮ್ಮ ಊಟದ ಜೋಡಣೆದು. ನಮ್ಮ ಮನೆಗಳಲ್ಲಿ ತಟ್ಟೆ ನಡುವೆ ಅನ್ನ ಇಲ್ಲ ಮುದ್ದೆ, ಬೇಳೆ ಅನ್ನೋದು ಅದನ್ನ ನೆನೆಸೋಕೆ ಬರೋ ಸಾರು. ದೊಡ್ಡ ಹೊಟ್ಟೆ ಇದ್ದಾಗ ಅದೂ ಇದೂ ಸೇರಿ ಹೇಗೋ ನಡೀತಿತ್ತು. ಸ್ಲೀವಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚೇ ತೆಗೆದುಬಿಡ್ತಾರೆ, ಉಳಿಯೋದು ಸುಮಾರು 100ರಿಂದ 150 ಎಂಎಲ್ ಹಿಡಿಯೋ ಬಾಳೆಕಾಯಿ ಥರದ ಒಂದು ಕೊಳವೆ, ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸೋಕೆ ಹೊಟ್ಟೆಗೆ ಮಾಡೋ ಇನ್ನೊಂದು ಸರ್ಜರಿ) ಆದವರಿಗಂತೂ ಬರೀ 30 ಎಂಎಲ್ ಆಸುಪಾಸಿನ ಚೀಲ. ಇಷ್ಟು ಜಾಗದಲ್ಲಿ ಅನ್ನ ಕೂತ್ರೆ ಬೇಳೆಗೆ ಜಾಗ ಇಲ್ಲ, ಅಷ್ಟೇ ವಿಷಯ.

ಎಷ್ಟು ಬೇಕು, ಯಾಕೆ ಬೇಕು

ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಹೇಳ್ತಾರೆ, ಅಥವಾ ನಿಮ್ಮ ಎತ್ತರಕ್ಕೆ ಇರಬೇಕಾದ ತೂಕ ಎಷ್ಟೋ ಅದರ ಒಂದೊಂದು ಕೇಜಿಗೆ 1ರಿಂದ 1.5 ಗ್ರಾಂ. ಈಗಿರೋ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ, ಇದನ್ನ ತುಂಬಾ ಜನ ತಪ್ಪು ಲೆಕ್ಕ ಹಾಕಿ ಗಾಬರಿ ಆಗ್ತಾರೆ. ಕಿಡ್ನಿ ತೊಂದರೆ ಇರೋರು ಈ ಅಂಕಿ ಹಿಡ್ಕೊಂಡು ಹೋಗಬೇಡಿ, ನಿಮ್ಮ ಡಾಕ್ಟ್ರು ಹೇಳಿದ್ದೇ ಲೆಕ್ಕ.

ಕಾರಣ ಸರಳ. ಊಟ ಇಷ್ಟು ಕಮ್ಮಿ ಆದಾಗ ಮೈ ಬರೀ ಕೊಬ್ಬನ್ನಷ್ಟೇ ಕರಗಿಸಲ್ಲ, ಮಾಂಸಖಂಡಾನೂ ಕಿತ್ಕೊಂಡು ತಿನ್ನತ್ತೆ. ಕೊಬ್ಬಿನ ಥರ ಪ್ರೋಟೀನನ್ನ ಮೈ ಕೂಡಿಟ್ಕೊಳ್ಳಲ್ಲ, ಅದಕ್ಕೇ ದಿನಾ ಕೊಡಬೇಕು, ಭಾನುವಾರ ಒಟ್ಟಿಗೆ ತಿಂದು ಸರಿ ಮಾಡ್ಕೋತೀನಿ ಅಂದ್ರೆ ಆಗಲ್ಲ. ಒಳಗಿನ ಹೊಲಿಗೆ ಮಾಯೋಕೂ ಇದೇ ಬೇಕು. ಕೂದಲಿನ ಬಗ್ಗೆ ಮಾತ್ರ ಒಂದು ನಿಜ ಹೇಳ್ತೀನಿ: ಮೂರರಿಂದ ಆರು ತಿಂಗಳಲ್ಲಿ ಉದುರೋದು ಸರ್ಜರಿಯ ಹೊಡೆತಕ್ಕೆ, ವೇಗವಾಗಿ ತೂಕ ಇಳಿಯೋದಕ್ಕೆ, ಚೆನ್ನಾಗಿ ತಿಂದವರಿಗೂ ಒಂದಷ್ಟು ಉದುರತ್ತೆ, ಆಮೇಲೆ ಬರತ್ತೆ. ಆದ್ರೆ ಪ್ರೋಟೀನು, ಐರನ್ನು ಕಮ್ಮಿ ಇದ್ರೆ ಅದು ಜಾಸ್ತಿಯಾಗತ್ತೆ, ನಿಲ್ಲೋದೂ ತಡ ಆಗತ್ತೆ.

ಇನ್ನೊಂದು, ಸ್ಲೀವ್ ಆದವರಿಗೆ ಮೊದಮೊದಲು ಹಸಿವೇ ಆಗಲ್ಲ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಹೊಟ್ಟೆಯ ಮೇಲ್ಭಾಗದಲ್ಲಿ, ಆ ಭಾಗವನ್ನೇ ತೆಗೆದಿರ್ತಾರಲ್ಲ. ಹಾಗಾಗಿ ಹಸಿವಾದಾಗ ತಿಂತೀನಿ ಅಂತ ಕೂತ್ರೆ ಸಂಜೆ ಆಗಿಹೋಗತ್ತೆ. ಗಡಿಯಾರ ನೋಡಿ ತಿನ್ನಿ. ನಾನು ಮೊಬೈಲಲ್ಲಿ ಐದು ಅಲಾರಂ ಇಟ್ಟಿದ್ದೆ, ಮೊದಲ ಆರು ತಿಂಗಳು ಅದೇ ನನ್ನ ಹಸಿವು.

ಮೊದಲ ವಾರಗಳು, ಬರೀ ಕುಡಿಯೋ ಕಾಲ

ಮೊದಲ ಒಂದೆರಡು ದಿನ ತಿಳಿ ನೀರಿನಂಥದ್ದು, ಆಮೇಲೆ ಸುಮಾರು ಎರಡು ವಾರ ಹಾಲು ಮಜ್ಜಿಗೆ ಥರದ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಆರರಿಂದ ಎಂಟು ವಾರಕ್ಕೆ ನಿಧಾನಕ್ಕೆ ಮಾಮೂಲಿ ಊಟ. ನಿಮ್ಮ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ದಿನ ಹೆಚ್ಚುಕಮ್ಮಿ ಇರಬಹುದು, ಆ ಚೀಟಿಯನ್ನೇ ಪಾಲಿಸಿ, ನನ್ನ ಮಾತು ಕೇಳಿ ಯಾವ ಹಂತಾನೂ ಮುಂಚೆ ಹಾರಬೇಡಿ.

ಈ ಹಂತದಲ್ಲೇ ಬೇಳೆ ಕಟ್ಟು ನಮ್ಮನ್ನ ಮೋಸ ಮಾಡೋದು. ನಮ್ಮತ್ತೆ ಪಾಪ ಎಷ್ಟು ಪ್ರೀತಿಯಿಂದ ಮಾಡ್ತಿದ್ರು ಅಂದ್ರೆ, ಕುಕ್ಕರಲ್ಲಿ ಬೇಳೆ ಬೇಯಿಸಿ ಅಲುಗಾಡದೆ ಇಟ್ಟು ಮೇಲಿನ ತಿಳಿ ಮಾತ್ರ ಸೌಟಲ್ಲಿ ತೆಗೆದು, ಇಂಗು ಜೀರಿಗೆ ಒಗ್ಗರಣೆ ಹಾಕಿ ಬೆಳ್ಳಿ ಲೋಟದಲ್ಲಿ ಕೊಡೋರು. "ಬೇಳೆ ಅರಗಲ್ಲ ಕಣಮ್ಮ, ತಿಳಿ ಕುಡಿ, ಸತ್ವ ಎಲ್ಲ ಇದ್ರಲ್ಲೇ ಇಳಿದಿರತ್ತೆ" ಅನ್ನೋರು. ಇಳಿದಿರಲ್ಲ. ಒಂದು ಲೋಟ ತಿಳಿಯಲ್ಲಿ ಒಂದೆರಡು ಗ್ರಾಂ ಪ್ರೋಟೀನ್ ಬಂದ್ರೆ ಹೆಚ್ಚು, ಉಳಿದಿದ್ದೆಲ್ಲ ತಳದಲ್ಲಿ ಕೂತಿರೋ ಬೇಳೆಯಲ್ಲೇ ಇರತ್ತೆ, ಅದನ್ನ ಮನೆಯವರು ಸಾಂಬಾರಿಗೆ ಹಾಕ್ಕೊಂಡು ತಿಂತಾರೆ. ಎಳನೀರು, ಹಣ್ಣಿನ ಜ್ಯೂಸು, ಗಂಜಿ, ಅಂಬಲಿ ಇವೂ ಅಷ್ಟೇ. ರಾಗಿ ಒಳ್ಳೇದೇ, ಕ್ಯಾಲ್ಸಿಯಂ ಇದೆ, ಆದ್ರೆ 100 ಗ್ರಾಂ ಹಿಟ್ಟಲ್ಲಿ 7 ಗ್ರಾಂ ಪ್ರೋಟೀನು, ಒಂದು ಲೋಟ ಗಂಜಿಗೆ ಹಾಕೋದು ಎರಡು ಚಮಚ ಹಿಟ್ಟು, ನೀವೇ ಲೆಕ್ಕ ಹಾಕಿ.

ಹಾಗಾದ್ರೆ ಏನು ಕುಡೀಬೇಕು? ಹಾಲು ಮೊದಲನೇದು. ನಂದಿನಿ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು 200 ಎಂಎಲ್ ತಗೊಂಡ್ರೆ 6 ಗ್ರಾಂ ಚಿಲ್ಲರೆ ಬರತ್ತೆ. ಅದಕ್ಕೇ ಎರಡು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿ ಕಲಸಿಬಿಡಿ, ಅದೇ ಲೋಟ 11 ಗ್ರಾಂ ಆಗತ್ತೆ, ಹೊಟ್ಟೇಲಿ ಹಿಡಿಯೋ ಜಾಗ ಮಾತ್ರ ಅಷ್ಟೇ. ಇದು ನನಗೆ ತುಂಬಾ ಉಪಯೋಗಕ್ಕೆ ಬಂದ ವಿಷಯ, ಖರ್ಚೂ ಕಮ್ಮಿ. ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಭೇದಿ ಆಗೋರಿಗೆ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ ತೆಗೆದ ಹಾಲು ಸಿಗತ್ತೆ, ಸಿಹಿ ಹಾಕದ ಸೋಯಾ ಹಾಲೂ ಆಗತ್ತೆ. ಬಾದಾಮಿ ಹಾಲು ಅಂತ ಡಬ್ಬೀಲಿ ಬರೋದ್ರಲ್ಲಿ ಪ್ರೋಟೀನ್ ತೀರಾ ಕಮ್ಮಿ, ಹೆಸರು ಕೇಳಿ ಮರುಳಾಗಬೇಡಿ.

ಪ್ರೋಟೀನ್ ಪುಡಿ ತಗೊಳ್ಳೋದು ಹೇಗೆ

ಈ ಸಮಯದಲ್ಲಿ ಪುಡಿ ಇಲ್ಲದೆ 60 ಮುಟ್ಟೋದು ಕಷ್ಟ, ಸಸ್ಯಾಹಾರಿಗಳಿಗಂತೂ ಇನ್ನೂ ಕಷ್ಟ. ಜಿಮ್ಮಿಗೆ ಹೋಗೋ ಹುಡುಗರು ತಿನ್ನೋದು, ಕಿಡ್ನಿ ಹೋಗತ್ತೆ ಅಂತೆಲ್ಲ ನೆಂಟರು ಹೇಳ್ತಾರೆ. ಕಿಡ್ನಿ ಚೆನ್ನಾಗಿರೋರಿಗೆ ಡಾಕ್ಟ್ರು ಹೇಳಿದ ಅಳತೇಲಿ ತಗೊಂಡ್ರೆ ಅದು ಹಾಲಿಂದ ತೆಗೆದ ಪ್ರೋಟೀನು ಅಷ್ಟೇ, ವಿಷ ಅಲ್ಲ.

ಅಂಗಡೀಲಿ ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಓದಬೇಡಿ, ಹಿಂದೆ ತಿರುಗಿಸಿ 100 ಗ್ರಾಂಗೆ ಪ್ರೋಟೀನ್ ಎಷ್ಟು ಅಂತ ನೋಡಿ. ವೇ ಅಂದ್ರೆ ಹಾಲು ಒಡೆದಾಗ ಉಳಿಯೋ ನೀರಿಂದ ತೆಗೆದ ಪ್ರೋಟೀನು; ಅದರಲ್ಲಿ ಹೆಚ್ಚು ಶುದ್ಧ ಮಾಡಿದ ಐಸೊಲೇಟ್ ಆದ್ರೆ 80ಕ್ಕಿಂತ ಮೇಲಿರತ್ತೆ, ಕಾನ್ಸಂಟ್ರೇಟ್ ಆದ್ರೆ 70ರಿಂದ 80. ಮಕ್ಕಳಿಗೆ ಹಾಲಲ್ಲಿ ಕಲಸಿ ಕೊಡೋ ಮಾಲ್ಟ್ ಪುಡಿಗಳಲ್ಲಿ ನೋಡಿದ್ರೆ 10ರ ಆಸುಪಾಸು, ಬಾಕಿ ಹೆಚ್ಚಾಗಿ ಸಕ್ಕರೆ, ಮಾಲ್ಟು. ಅದು ನಮಗಲ್ಲ. ಹಾಲು ಆಗದೆ ಇರೋರು ಐಸೊಲೇಟೇ ತಗೊಳ್ಳಿ, ಲ್ಯಾಕ್ಟೋಸ್ ತುಂಬಾ ಕಮ್ಮಿ ಇರತ್ತೆ. ಅದೂ ಆಗಲ್ಲ ಅಂದ್ರೆ ಸೋಯಾ ಇಲ್ಲ ಬಟಾಣಿ ಪ್ರೋಟೀನ್. ಕೊಲ್ಯಾಜೆನ್ ಪುಡಿಯನ್ನ ಇದರ ಬದಲಿಗೆ ತಗೋಬೇಡಿ, ಮೈಗೆ ಬೇಕಾದ ಅಮೈನೋ ಆಮ್ಲಗಳೆಲ್ಲ ಅದರಲ್ಲಿ ಇರಲ್ಲ. ಎಫ್ಎಸ್ಎಸ್ಎಐ 14 ಅಂಕಿಯ ಲೈಸೆನ್ಸ್ ನಂಬರ್ ಡಬ್ಬಿ ಮೇಲಿದೆಯಾ, ಸೀಲ್ ಸರಿಯಿದೆಯಾ ನೋಡ್ಕೊಳ್ಳಿ. ಮೊದಲನೇ ಸಲಾನೇ ಎರಡು ಕೇಜಿ ಡಬ್ಬಿ ತರಬೇಡಿ, ಸರ್ಜರಿ ಆದ್ಮೇಲೆ ನಾಲಿಗೆ ರುಚಿ ಬದಲಾಗಿಬಿಡತ್ತೆ, ನೀವು ಮುಂಚೆ ಇಷ್ಟಪಡ್ತಿದ್ದ ಚಾಕಲೇಟೇ ವಾಕರಿಕೆ ತರಬಹುದು. ಸಣ್ಣ ಸ್ಯಾಶೆಗಳಲ್ಲಿ ಮೂರ್ನಾಲ್ಕು ನೋಡಿ ಆಮೇಲೆ ಡಬ್ಬಿ.

ನನಗೆ ಆ ಸಿಹಿ ಹತ್ತಿರಕ್ಕೂ ಸೇರ್ತಿರಲಿಲ್ಲ. ಕೊನೆಗೆ ಯಾವ ಫ್ಲೇವರೂ ಇಲ್ಲದ ಸಪ್ಪೆ ಪುಡಿ ತಂದು ಮಜ್ಜಿಗೆಗೆ ಕಲಸಿದೆ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ, ಇಂಗು, ಕರಿಬೇವಿನ ವಾಸನೆಗೆ ಒಂದು ಎಲೆ ಹಿಚುಕಿ ಹಾಕಿ ತೆಗೆದೆ, ಮೊದಲನೇ ಸಲ ಒಂದು ಲೋಟ ಪೂರ್ತಿ ಒಳಗೆ ಹೋಯ್ತು. ಟೊಮೆಟೊ ಸಾರಿಗೂ ಕಲಸಬಹುದು, ಆದ್ರೆ ಸಾರು ಉಗುರುಬೆಚ್ಚಗೆ ಇರಬೇಕು. ಕುದಿಯೋದಕ್ಕೆ ಹಾಕಿದ್ರೆ ಒಡೆದ ಹಾಲಿನ ಥರ ಗಂಟುಗಂಟಾಗತ್ತೆ. ಮೊದಲು ಪುಡಿಯನ್ನ ಎರಡು ಚಮಚ ತಣ್ಣೀರಲ್ಲಿ ನುಣ್ಣಗೆ ಕಲಸ್ಕೊಳ್ಳಿ, ಆಮೇಲೆ ಬೆಚ್ಚಗಿನ ಸಾರಿಗೋ ಕಾಫಿಗೋ ಸೇರಿಸಿ. ಶೇಕರಲ್ಲಿ ಜೋರಾಗಿ ಕುಲುಕಿದ್ರೆ ನೊರೆ ಬರತ್ತೆ, ನೊರೆ ಸಮೇತ ಕುಡಿದ್ರೆ ಗಾಳಿ ಹೋಗಿ ಎದೆ ಹಿಡಿದಂಗೆ ಆಗತ್ತೆ, ಚಮಚದಲ್ಲಿ ಕಲಸೋದೇ ವಾಸಿ. ಒಂದು ಲೋಟ ಮುಗಿಸೋಕೆ ಅರ್ಧ ಗಂಟೆ ಮುಕ್ಕಾಲು ಗಂಟೆ ಆದ್ರೂ ಪರವಾಗಿಲ್ಲ. ಒಂದು ಸ್ಕೂಪಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರತ್ತೆ, ಒಂದು ಸಲಕ್ಕೆ ಆಗಲಿಲ್ಲ ಅಂದ್ರೆ ಅರ್ಧರ್ಧ ಸ್ಕೂಪ್ ಎರಡು ಸಲ ತಗೊಳ್ಳಿ.

ರುಬ್ಬಿದ್ದು, ಮೆತ್ತಗಿನದು

ಇಲ್ಲಿಂದ ನಮ್ಮ ಅಡಿಗೆ ಮನೆ ನಿಜವಾಗಲೂ ಸಹಾಯಕ್ಕೆ ಬರತ್ತೆ, ಆದ್ರೆ ಸೌಟು ಮೇಲಿಂದ ಅಲ್ಲ ತಳದಿಂದ ಎತ್ತಬೇಕು. ಹೆಸರುಬೇಳೆ ಗಟ್ಟಿಯಾಗಿ ಬೇಯಿಸಿ ಮಸೆದು ನಾಲ್ಕು ಚಮಚ. ಪೊಂಗಲ್ ಮಾಡೋದಾದ್ರೆ ಅಕ್ಕಿ ಬೇಳೆ ಲೆಕ್ಕ ತಿರುಗಾಮುರುಗಾ, ಬೇಳೆ ಮೂರು ಪಾಲು ಅಕ್ಕಿ ಒಂದು ಪಾಲು. ಗಟ್ಟಿ ಮೊಸರು: ಅರ್ಧ ಲೀಟರ್ ಮೊಸರನ್ನ ತೆಳು ಬಟ್ಟೇಲಿ ಕಟ್ಟಿ ಜರಡಿ ಮೇಲಿಟ್ಟು ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಲ್ಲಿ ನಾಲ್ಕೈದು ಗಂಟೆ ಬಿಡಿ. ಮಾಮೂಲಿ ಮೊಸರಲ್ಲಿ 100 ಗ್ರಾಂಗೆ ಮೂರು ಚಿಲ್ಲರೆ ಇರೋದು ಇದರಲ್ಲಿ ಎರಡರಷ್ಟಕ್ಕಿಂತ ಮೇಲೆ ಹೋಗತ್ತೆ. ಪನೀರನ್ನ ತುಂಡು ತುಂಡಾಗಿ ಹುರೀಬೇಡಿ, ರಬ್ಬರ್ ಥರ ಆಗಿ ಸಿಕ್ಕಾಕೊಳ್ಳತ್ತೆ, ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಟ್ಟು ಪುಡಿ ಮಾಡಿ ಬುರ್ಜಿ ಮಾಡಿ. 50 ಗ್ರಾಂ ಪನೀರಿಗೆ 9 ಗ್ರಾಂ. ಮೊಟ್ಟೆ ತಿನ್ನೋರು ಅದೃಷ್ಟವಂತರು, ಒಂದು ಮೊಟ್ಟೆಗೆ 6 ಗ್ರಾಂ, ಮೆತ್ತಗೆ ಬುರ್ಜಿ ಮಾಡಿದ್ರೆ ಸಲೀಸಾಗಿ ಇಳಿಯತ್ತೆ. ಮೀನು, ಕೋಳಿ ತಿನ್ನೋರಿಗೆ ಮೊದಲು ಮುಳ್ಳು ತೆಗೆದ ಮೆತ್ತನೆ ಮೀನು, ಆಮೇಲೆ ಕೋಳಿ, ಅದೂ ಕೈಮಾ ಮಾಡಿ ಸಾರಿನ ಪಸೆ ಇರೋ ಹಾಗೆ. ಒಣಗಿದ ಕೋಳಿ ತುಂಡು ಎದೇಲಿ ಕೂತ್ರೆ ಆ ನೋವು ಬೇಡ.

ನನಗೆ ತುಂಬಾ ಕೈಹಿಡಿದಿದ್ದು ನುಚ್ಚಿನುಂಡೆ. ಅಕ್ಕಿ ಇಲ್ಲ, ಎಣ್ಣೆ ಇಲ್ಲ, ಬರೀ ಬೇಳೆ, ಹಬೇಲಿ ಬೇಯೋದು, ಈ ಸರ್ಜರಿ ಆದವರಿಗೇ ಅಂತ ಯಾರೋ ಕಂಡುಹಿಡಿದ ಹಾಗಿದೆ. 100 ಗ್ರಾಂ ತೊಗರಿಬೇಳೆ ಎರಡು ಮೂರು ಗಂಟೆ ನೆನೆಸಿ ನೀರು ಪೂರ್ತಿ ಬಸಿದು, ಶುಂಠಿ ಜೀರಿಗೆ ಇಂಗು ಉಪ್ಪು ಹಾಕಿ ನೀರು ಸೋಕಿಸದೆ ರುಬ್ಬಿ. ಮನೆಯವರಿಗೆ ತರಿತರಿ ಇರಬೇಕು, ನಿಮಗೆ ಮೊದಲ ತಿಂಗಳುಗಳಲ್ಲಿ ನುಣ್ಣಗೇ ಇರಲಿ, ಹಸಿಮೆಣಸಿನಕಾಯಿ ಅರ್ಧ ಸಾಕು. ಸಬ್ಬಸಿಗೆ ಸೊಪ್ಪು ಎಲೆ ಮಾತ್ರ ಬಿಡಿಸಿ ಸಣ್ಣಗೆ ಹೆಚ್ಚಿ, ಒಂದು ಹಿಡಿ ಕಾಯಿತುರಿ ಜೊತೆ ಕಲಸಿ. ಅಂಗೈಯಲ್ಲಿ ಉದ್ದುದ್ದ ಉಂಡೆ ಹಿಡಿದು ಇಡ್ಲಿ ಪಾತ್ರೇಲಿ 15 ನಿಮಿಷ. ಎಂಟು ಉಂಡೆ ಬರತ್ತೆ, ಒಟ್ಟು 22 ಗ್ರಾಂ ಪ್ರೋಟೀನು, ಅಂದ್ರೆ ಮೂರು ಉಂಡೆಗೆ 8 ಗ್ರಾಂ. ಬಿಸಿ ಇರೋವಾಗ ಮುರಿದ್ರೆ ಸಬ್ಬಸಿಗೆ ಘಮ ಬರತ್ತೆ, ಮಜ್ಜಿಗೆಹುಳಿ ಒಂದೆರಡು ಚಮಚ ಹಾಕ್ಕೊಂಡು ಮೆದು ಮಾಡಿ ತಿನ್ನಿ.

ಬಸ್ಸಾರು ಮಾಡೋ ಮನೆಗಳಲ್ಲಿ ಇನ್ನೂ ಸುಲಭ, ಬಸಿದ ಸಾರು ಬೇರೆಯವರಿಗೆ, ಕಾಳಿನ ಪಲ್ಯ ನಿಮಗೆ. ಹುರುಳಿ, ಅವರೆ, ಅಲಸಂದೆ, ಹೆಸರುಕಾಳು ಯಾವುದಾದ್ರೂ ಚೆನ್ನಾಗಿ ಬೆಂದಿರಬೇಕು, ಮೊದಮೊದಲು ಸಿಪ್ಪೆ ಇರೋ ಕಾಳು ಮಸೆದೇ ತಿನ್ನಿ, ಗ್ಯಾಸ್ ಕಮ್ಮಿ. ಉತ್ತರ ಕರ್ನಾಟಕದವರಿಗೆ ಜುಣಕ ಇದೆ, ಕಡಲೆಹಿಟ್ಟಿಂದೇ ಮಾಡೋದು, ಎಣ್ಣೆ ಖಾರ ಕಮ್ಮಿ ಮಾಡಿ ರೊಟ್ಟಿ ಬಿಟ್ಟು ಅದನ್ನಷ್ಟೇ ಚಮಚದಲ್ಲಿ ತಿಂದ್ರೆ ಒಳ್ಳೇ ಊಟ. ಸೋಯಾ ಚಂಕ್ಸ್ ಬಗ್ಗೆ ಮೂಗು ಮುರಿಯೋರಿಗೆ ಒಂದೇ ಮಾತು, 100 ಗ್ರಾಂ ಒಣಗಿದ್ದಕ್ಕೆ 52 ಗ್ರಾಂ, ಯಾವ ಬೇಳೆಯೂ ಅದರ ಹತ್ರ ಬರಲ್ಲ. ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿ ಮಿಕ್ಸೀಲಿ ಪುಡಿ ಮಾಡಿ ಟೊಮೆಟೊ ಗೊಜ್ಜಲ್ಲಿ ಬೇಯಿಸಿದ್ರೆ ಆ ವಾಸನೆ ಹೋಗತ್ತೆ.

ಮುದ್ದೆ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಮುದ್ದೆ ನುಂಗೋದು, ಅಗಿಯೋದಲ್ಲ. ಈ ಹೊಟ್ಟೆಗೆ ನುಂಗೋ ಊಟವೇ ಆಗಲ್ಲ. ಅಂಟಂಟಾದ ಅನ್ನ, ಮೆತ್ತನೆ ಬ್ರೆಡ್ಡು ಕೂಡ ಒಳಗೆ ಉಂಡೆ ಕಟ್ಟತ್ತೆ. ತಿಂಗಳುಗಳಾದ ಮೇಲೆ ಡಾಕ್ಟ್ರು ಒಪ್ಪಿದ್ರೆ ನೆಲ್ಲಿಕಾಯಿ ಗಾತ್ರ, ಅದೂ ಕಾಳೆಲ್ಲ ತಿಂದಾದ ಮೇಲೆ.

ತಿನ್ನೋ ಕ್ರಮ

ತಟ್ಟೆ ಬೇಡ, ಸಣ್ಣ ಬಟ್ಟಲು, ಮಗುವಿನ ಚಮಚ. ಮೊದಲ ನಾಲ್ಕು ತುತ್ತು ಪ್ರೋಟೀನೇ ಇರಬೇಕು, ಆಮೇಲೆ ತರಕಾರಿ, ಜಾಗ ಉಳಿದ್ರೆ ಕೊನೆಗೆ ಅನ್ನ. ಒಂದೊಂದು ತುತ್ತು ಬಟಾಣಿ ಗಾತ್ರ, 20–30 ಸಲ ಅಗೀರಿ, ಊಟ 20ರಿಂದ 30 ನಿಮಿಷ. ಊಟದ ಜೊತೆ ನೀರು ಕುಡೀಬೇಡಿ, ಮುಗಿದು ಅರ್ಧ ಗಂಟೆ ಆದ್ಮೇಲೆ ಗುಟುಕು ಗುಟುಕಾಗಿ. ಬಿಕ್ಕಳಿಕೆ, ಮೂಗಲ್ಲಿ ನೀರು, ಎದೆ ನಡುವೆ ಒತ್ತಿದ ಹಾಗೆ ಇವು ಸಾಕು ಅನ್ನೋ ಸೂಚನೆ, ಬಟ್ಟಲಲ್ಲಿ ಒಂದೇ ಚಮಚ ಉಳಿದಿದ್ರೂ ನಿಲ್ಲಿಸಿ. ನಾವು ಅನ್ನ ಚೆಲ್ಲಬಾರದು ಅಂತ ಬೆಳೆದವರು, ಆ ಒಂದು ಚಮಚಕ್ಕೋಸ್ಕರ ವಾಂತಿ ಮಾಡ್ಕೊಂಡು ತಿಂದಿದ್ದೆಲ್ಲ ಕಳ್ಕೋಬೇಡಿ, ಫ್ರಿಜ್ಜಲ್ಲಿಟ್ಟು ಎರಡು ಗಂಟೆ ಬಿಟ್ಟು ತಿನ್ನಿ.

ಮೂರು ತಿಂಗಳು ದಾಟಿದ ಮೇಲೆ ನನ್ನ ಒಂದು ದಿನ ಹೀಗಿತ್ತು. ಬೆಳಿಗ್ಗೆ 7ಕ್ಕೆ ಒಂದು ಲೋಟ ಹಾಲಲ್ಲಿ ಒಂದು ಸ್ಕೂಪ್ ಪುಡಿ, ಎರಡು ಸಲವಾಗಿ ಕುಡಿದು ಮುಗಿಸೋದು, 30 ಗ್ರಾಂ ಅಲ್ಲೇ ಬಂತು. ಹತ್ತು ಗಂಟೆಗೆ ಒಂದು ಸಣ್ಣ ಹೆಸರುಬೇಳೆ ದೋಸೆ ಒಳಗೆ ಸ್ವಲ್ಪ ಪನೀರ್ ಪುಡಿ, 9. ಒಂದು ಗಂಟೆಗೆ ಮೂರು ನುಚ್ಚಿನುಂಡೆ, ಎರಡು ದೊಡ್ಡ ಚಮಚ ಗಟ್ಟಿ ಮೊಸರು, 12–13. ನಾಲ್ಕಕ್ಕೆ ಹಾಲಿನ ಪುಡಿ ಕಲಸಿದ ಹಾಲು, 11. ರಾತ್ರಿ ಏಳೂವರೆಗೆ ಪನೀರ್ ಬುರ್ಜಿ, ಎರಡು ಚಮಚ ಕಾಳಿನ ಪಲ್ಯ, 12. ಎಲ್ಲ ಸೇರಿ 75ರ ಹತ್ರ. ಎಲ್ಲ ದಿನಾನೂ ಹೀಗೇ ಆಗ್ತಿರಲಿಲ್ಲ, ಕೆಲವು ದಿನ 55ಕ್ಕೆ ನಿಲ್ತಿತ್ತು, ಆದ್ರೆ 15ಕ್ಕೆ ಮತ್ತೆ ಇಳೀಲಿಲ್ಲ. ಎರಡು ವಾರ ಒಂದು ಸಣ್ಣ ತಕ್ಕಡೀಲಿ ತೂಗಿ ಪುಸ್ತಕದಲ್ಲಿ ಬರೀರಿ, ಆಮೇಲೆ ಕಣ್ಣಳತೆಯೇ ಸಾಕಾಗತ್ತೆ. ದಿನಾ ನಡೀರಿ, ಡಾಕ್ಟ್ರು ಒಪ್ಪಿದ ಮೇಲೆ ಸ್ವಲ್ಪ ತೂಕ ಎತ್ತೋ ವ್ಯಾಯಾಮಾನೂ ಮಾಡಿ, ಕೆಲಸ ಕೊಡದ ಖಂಡವನ್ನ ಬರೀ ಪ್ರೋಟೀನು ಉಳಿಸಲ್ಲ.

ಮದುವೆ, ಉಪವಾಸ, ಪ್ರಯಾಣ

ಮದುವೆ ಮನೇಲಿ ಎಲೆ ಮೇಲೆ ಮೊದಲು ಬರೋದೇ ಕೋಸಂಬರಿ. ನಾಲ್ಕೈದು ತಿಂಗಳಾಗಿ ಹಸಿ ಬೇಳೆ ಅರಗ್ತಿದೆ ಅಂದ್ರೆ ಅದನ್ನೇ ಇನ್ನೊಂದು ಸಲ ಹಾಕಿಸ್ಕೊಳ್ಳಿ, ಚೆನ್ನಾಗಿ ಅಗಿದು ತಿನ್ನಿ, ಕೊನೆಗೆ ಮೊಸರು ಕೇಳಿ. ಹೋಳಿಗೇಲೂ ಬೇಳೆ ಇದೆಯಲ್ಲ ಅಂತ ಕೇಳ್ತಾರೆ, ಇದೆ, ಅದರಷ್ಟೇ ಬೆಲ್ಲಾನೂ ಇದೆ. ಸಿಹಿ ಸರ್ರನೆ ಕರುಳಿಗೆ ಇಳಿದ್ರೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ, ಡಂಪಿಂಗ್ ಅಂತಾರೆ ಇದಕ್ಕೆ, ಬೈಪಾಸ್ ಆದವರಿಗೆ ಹೆಚ್ಚು, ಸ್ಲೀವ್ ಆದವರಿಗೂ ಆಗಬಹುದು. ಶನಿವಾರದ ಒಪ್ಪೊತ್ತು, ಏಕಾದಶಿ ಇವನ್ನ ಮೊದಲ ವರ್ಷ ಬಿಟ್ಟುಬಿಡಿ. ನಮ್ಮತ್ತೆ ಇದನ್ನ ಒಪ್ಪೋಕೆ ಟೈಮ್ ತಗೊಂಡ್ರು, ಆಮೇಲೆ ಅವರೇ "ಹಾಲು ಮೊಸರು ಪನೀರಿಗೆ ಉಪವಾಸದಲ್ಲಿ ಅಡ್ಡಿ ಇಲ್ಲವಲ್ಲಮ್ಮ, ಅದನ್ನೇ ಐದು ಸಲ ತಗೋ" ಅಂದ್ರು. ಬಸ್ಸಲ್ಲಿ ಹೋಗೋವಾಗ ನನ್ನ ಬ್ಯಾಗಲ್ಲಿ ಹುರಿಗಡಲೆ ಪುಡಿ ಒಂದು ಡಬ್ಬಿ, ಪ್ರೋಟೀನ್ ಪುಡಿ ಅಳೆದು ಹಾಕಿದ ಎರಡು ಪೊಟ್ಟಣ ಇರತ್ತೆ, ಎಲ್ಲೇ ನಿಲ್ಲಿಸಿದ್ರೂ ಒಂದು ಪ್ಯಾಕೆಟ್ ಮಜ್ಜಿಗೆ ಸಿಕ್ಕೇ ಸಿಗತ್ತೆ.

ಯಾವಾಗ ಡಾಕ್ಟ್ರ ಹತ್ರ ಓಡಬೇಕು

ಕಾಲಲ್ಲಿ ಊತ ಬಂದು ಬೆರಳು ಒತ್ತಿದ್ರೆ ಗುಳಿ ಬೀಳೋದು, ಗಾಯ ಮಾಯದೆ ಇರೋದು, ಕೂತಲ್ಲಿಂದ ಏಳೋಕೆ ಕೈ ಊರಬೇಕಾಗೋದು, ಇವು ಬಂದ್ರೆ ಮುಂದಿನ ಚೆಕಪ್ಪಿಗೆ ಕಾಯಬೇಡಿ. ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಎಷ್ಟಿದೆ ನೋಡ್ತಾರೆ, ಸಾಮಾನ್ಯವಾಗಿ 3.5ಕ್ಕಿಂತ ಮೇಲಿರಬೇಕು, ಬೇರೆ ಕಾರಣಕ್ಕೂ ಅದು ಇಳೀಬಹುದು, ಅದಕ್ಕೇ ರಿಪೋರ್ಟ್ ನೀವೇ ಓದ್ಕೊಂಡು ಸುಮ್ಮನಾಗಬೇಡಿ. ಬಿ12, ಐರನ್, ವಿಟಮಿನ್ ಡಿ ಜೊತೆಗೇ ಮಾಡಿಸಿ. ಮಾತ್ರೆಗಳನ್ನ ಪ್ರೋಟೀನ್ ತಿಂತಿದ್ದೀನಲ್ಲ ಅಂತ ಬಿಡಬೇಡಿ, ಕ್ಯಾಲ್ಸಿಯಂ ಮತ್ತು ಐರನ್ ಮಾತ್ರ ಎರಡು ಗಂಟೆ ಅಂತರದಲ್ಲಿ ತಗೊಳ್ಳಿ.

ಎರಡು ಮೂರು ದಿನ ಏನು ತಿಂದ್ರೂ ವಾಂತಿ ಆಗ್ತಿದ್ರೆ ಅದನ್ನ ಪಿತ್ತ ಅಂದ್ಕೊಂಡು ನಿಂಬೆಹಣ್ಣಿನ ಪಾನಕ ಕುಡಿದು ಕೂರಬೇಡಿ. ಥಯಾಮಿನ್ ಅಂದ್ರೆ ಬಿ1 ಬೇಗ ಖಾಲಿಯಾಗತ್ತೆ, ಅದು ಖಾಲಿಯಾದ್ರೆ ಕಣ್ಣು ಮಂಜಾಗೋದು, ನಡಿಗೆ ತೂರಾಡೋದು, ಮಾತು ಮನಸ್ಸು ಗೊಂದಲ ಆಗೋದು ಶುರುವಾಗಬಹುದು, ತಡ ಮಾಡಿದ್ರೆ ಕೆಲವು ತೊಂದರೆ ವಾಪಸ್ ಸರಿ ಹೋಗಲ್ಲ. ಆವತ್ತೇ ಆಸ್ಪತ್ರೆಗೆ ಹೋಗಿ, ನಿಮ್ಮ ಸರ್ಜರಿ ಫೈಲ್ ಜೊತೆಗೆ ತಗೊಂಡು ಹೋಗಿ, ಗ್ಲೂಕೋಸ್ ಡ್ರಿಪ್ ಹಾಕೋ ಮುಂಚೆ ನನಗೆ ಇಂಥ ಸರ್ಜರಿ ಆಗಿದೆ, ಇಷ್ಟು ದಿನದಿಂದ ವಾಂತಿ ಆಗ್ತಿದೆ, ಬಿ1 ಇಂಜೆಕ್ಷನ್ ಬೇಕಾ ನೋಡಿ ಅಂತ ಬಾಯಿಬಿಟ್ಟು ಹೇಳಿ.